ಅಲ್ ಅಸದ್ ನೆಲೆಯ 110 ಮಂದಿ: ಸ್ಫೋಟದಿಂದಾಗುವ ಮಿದುಳಿನ ಲಘು ಗಾಯದ ಒಂದು ಪ್ರಕರಣ ಅಧ್ಯಯನ

2020ರ ಜನವರಿ 8ರಂದು, ಬೆಳಕು ಹರಿಯಲು ಇನ್ನೂ ಹಲವು ಗಂಟೆಗಳಿರುವಾಗ, ಇರಾಕಿನ ಅನ್ಬಾರ್ ಪ್ರಾಂತ್ಯದ ಅಲ್ ಅಸದ್ ವಾಯುನೆಲೆಯ ಮೇಲೆ ಇರಾನ್ ಹಾರಿಸಿದ ಬ್ಯಾಲಿಸ್ಟಿಕ್ ಕ್ಷಿಪಣಿಗಳು ಒಂದರ ಹಿಂದೊಂದು ಬಂದು ಬಿದ್ದವು. ಜನವರಿ 3ರಂದು ಬಾಗ್ದಾದ್ ವಿಮಾನ ನಿಲ್ದಾಣದ ಬಳಿ ಅಮೆರಿಕ ನಡೆಸಿದ ಡ್ರೋನ್ ದಾಳಿಯಲ್ಲಿ ಇರಾನಿನ ಸೇನಾಧಿಕಾರಿ ಖಾಸಿಂ ಸುಲೈಮಾನಿ ಹತರಾಗಿದ್ದರು. ಈ ದಾಳಿ ಅದಕ್ಕೆ ಇರಾನ್ ಕೊಟ್ಟ ಉತ್ತರವಾಗಿತ್ತು. ಅಮೆರಿಕದ ರಕ್ಷಣಾ ಇಲಾಖೆ ಹೇಳಿದಂತೆ ಹಾರಿದ್ದ 16 ಕ್ಷಿಪಣಿಗಳಲ್ಲಿ 11 ಈ ನೆಲೆಗೆ ಬಡಿದವು. ಅವುಗಳ ಸಿಡಿತಲೆಗಳು ತಲಾ ಸಾವಿರ ಪೌಂಡಿಗೂ ಹೆಚ್ಚು ತೂಕದವು, ಅಂದರೆ 450 ಕಿಲೋಗ್ರಾಂಗೂ ಮಿಕ್ಕಿದವು. ದಾಳಿಯ ಸುಳಿವು ಮೊದಲೇ ಸಿಕ್ಕಿದ್ದರಿಂದ ನೆಲೆಯಲ್ಲಿದ್ದ ಅಮೆರಿಕನ್ ಸೈನಿಕರಲ್ಲಿ ದೊಡ್ಡ ಪಾಲನ್ನು ವಿಮಾನಗಳಲ್ಲಿ ಬೇರೆಡೆಗೆ ಸಾಗಿಸಲಾಗಿತ್ತು, ಉಳಿದವರಲ್ಲಿ ಬಹುಪಾಲು ಜನ ಬಂಕರುಗಳನ್ನು ಸೇರಿದ್ದರು. ಯಾರೂ ಸಾಯಲಿಲ್ಲ. ಅಮೆರಿಕದ ಯಾರೊಬ್ಬರಿಗೂ ಹಾನಿಯಾಗಿಲ್ಲವೆಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅದೇ ದಿನ ದೇಶಕ್ಕೆ ತಿಳಿಸಿದರು.

ಮುಂದಿನ ಆರು ವಾರಗಳಲ್ಲಿ ಆ ಹೇಳಿಕೆ ಹಂತಹಂತವಾಗಿ ಬದಲಾಯಿತು. ಜನವರಿ ಮಧ್ಯದಲ್ಲಿ 11 ಮಂದಿಯನ್ನು ಹೆಚ್ಚಿನ ತಪಾಸಣೆಗಾಗಿ ಜರ್ಮನಿಯ ಲ್ಯಾಂಡ್‌ಸ್ಟೂಲ್ ಸೇನಾ ಆಸ್ಪತ್ರೆಗೆ ಮತ್ತು ಕುವೈತಿಗೆ ಕಳುಹಿಸಲಾಗಿದೆ ಎಂಬ ಸುದ್ದಿ ಹೊರಬಂದಿತು. ಜನವರಿ 24ಕ್ಕೆ ಗಾಯಾಳುಗಳ ಸಂಖ್ಯೆ 34 ಆಯಿತು, 28ಕ್ಕೆ 50, ತಿಂಗಳ ಕೊನೆಗೆ 64, ಫೆಬ್ರುವರಿ 10ಕ್ಕೆ 109. ಕೊನೆಗೆ 110ಕ್ಕೆ ನಿಂತಿತು. ಎಲ್ಲರಿಗೂ ಬರೆದ ರೋಗನಿರ್ಣಯ ಒಂದೇ: ಮಿದುಳಿನ ಲಘು ಆಘಾತ ಗಾಯ, ವೈದ್ಯರು ದಿನನಿತ್ಯ ಕಂಕಷನ್ ಎನ್ನುವುದು.

ಈ ಘಟನೆಯನ್ನು ಅಧ್ಯಯನಕ್ಕೆ ಆಯ್ದುಕೊಳ್ಳಲು ಬಲವಾದ ಕಾರಣವಿದೆ. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಸ್ಫೋಟಕ್ಕೆ ಸಿಕ್ಕ ಸೈನಿಕರ ಕಥೆ ಸಾಮಾನ್ಯವಾಗಿ ಚದುರಿಹೋಗಿರುತ್ತದೆ. ಒಬ್ಬೊಬ್ಬರು ಒಂದೊಂದು ರಸ್ತೆಯಲ್ಲಿ, ಒಂದೊಂದು ವಾಹನದಲ್ಲಿ, ಎಷ್ಟೋ ಬಾರಿ ಒಂದಕ್ಕಿಂತ ಹೆಚ್ಚು ಸ್ಫೋಟಗಳಿಗೆ ಒಡ್ಡಿಕೊಂಡವರು. ತಿಂಗಳುಗಳು ಕಳೆದ ಮೇಲೆ ನೆನಪಿನಿಂದ ಹೇಳಿದ್ದೇ ಅವರ ದಾಖಲೆ. ಅಲ್ ಅಸದ್‌ನಲ್ಲಿ ಹಾಗಿರಲಿಲ್ಲ. ದಾಳಿಯ ಸಮಯ ಗೊತ್ತಿತ್ತು, ಕ್ಷಿಪಣಿಗಳು ಬಿದ್ದ ಜಾಗಗಳು ಗೊತ್ತಿದ್ದವು, ಯಾರು ಯಾವ ಬಂಕರಿನಲ್ಲಿದ್ದರು ಎಂಬುದನ್ನು ಕೇಳಿ ಬರೆದುಕೊಳ್ಳಬಹುದಿತ್ತು. ಇಷ್ಟಿದ್ದೂ ಗಾಯಾಳುಗಳ ಎಣಿಕೆ ಮುಗಿಯಲು ಆರು ವಾರ ಹಿಡಿಯಿತು. ಇದಕ್ಕೆ ರಾಜಕೀಯದ ಲೆಕ್ಕಾಚಾರವೊಂದನ್ನೇ ಕಾರಣವೆಂದು ತೋರಿಸುವುದು ಸುಲಭ, ಆದರೆ ಅದು ಅರ್ಧ ಉತ್ತರ. ಈ ಗಾಯ ಯಾವ ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆಯೋ ಆ ರೀತಿಗೂ, ಸೇನೆ ಗಾಯವನ್ನು ಲೆಕ್ಕಕ್ಕೆ ಹಿಡಿಯುವ ರೀತಿಗೂ ಹೊಂದಾಣಿಕೆಯಿಲ್ಲ ಎಂಬುದೇ ಉಳಿದರ್ಧ. ಈ ಬರಹದ ಗಮನ ಅದರ ಮೇಲಿದೆ.

ಬಂಕರಿನೊಳಗೆ ನಡೆದದ್ದು

ಸಿಡಿಮದ್ದು ಸ್ಫೋಟಿಸಿದಾಗ ಅದರ ಸುತ್ತಲಿನ ಗಾಳಿ ಹಠಾತ್ತನೆ ಒತ್ತಲ್ಪಟ್ಟು, ಶಬ್ದಕ್ಕಿಂತ ವೇಗವಾಗಿ ಸಾಗುವ ಅಲೆಯಾಗಿ ಹೊರಕ್ಕೆ ನುಗ್ಗುತ್ತದೆ. ಒಂದು ಜಾಗವನ್ನು ಅದು ಮುಟ್ಟಿದ ಕ್ಷಣದಲ್ಲಿ ಒತ್ತಡ ತುತ್ತತುದಿಗೇರಿ, ಮಿಲಿಸೆಕೆಂಡುಗಳಲ್ಲಿ ಇಳಿದು, ಆಮೇಲೆ ಸ್ವಲ್ಪ ಹೊತ್ತು ಸಹಜ ಗಾಳಿಯೊತ್ತಡಕ್ಕಿಂತಲೂ ಕೆಳಗಿದ್ದು, ಮತ್ತೆ ಸಮಸ್ಥಿತಿಗೆ ಬರುತ್ತದೆ. ಬಯಲಿನಲ್ಲಾದರೆ ದೂರ ಹೋದಂತೆ ಅಲೆ ಬೇಗ ಬಲಗುಂದುತ್ತದೆ. ಗೋಡೆಗಳ ನಡುವೆ ಅದು ಪ್ರತಿಫಲಿಸಿ ಮೂಲ ಅಲೆಯೊಂದಿಗೆ ಕೂಡಿಕೊಳ್ಳುತ್ತದೆ; ಆದ್ದರಿಂದ ಚೂರುಗಳಿಂದ ಕಾಪಾಡುವ ಕಾಂಕ್ರೀಟು ಒತ್ತಡದಿಂದಲೂ ಅಷ್ಟೇ ಕಾಪಾಡುತ್ತದೆ ಎನ್ನಲಾಗದು, ಅದರಲ್ಲೂ ಬಾಯಿ ತೆರೆದಿರುವ ಬಂಕರಿನಲ್ಲಿ. ಅಲ್ ಅಸದ್‌ನಲ್ಲಿದ್ದ ಹಲವು ಆಶ್ರಯಗಳು ಸಣ್ಣ ರಾಕೆಟ್ ಮತ್ತು ಮಾರ್ಟರ್ ದಾಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಿರ್ಮಿಸಿದವು. ಸದ್ದಾಂ ಹುಸೇನ್ ಕಾಲದ ದಪ್ಪಗೋಡೆಯ ನೆಲಮಾಳಿಗೆಗಳೂ ಕೆಲವಿದ್ದವು.

ಸ್ಫೋಟದ ಗಾಯಗಳನ್ನು ಅವು ಆಗುವ ಬಗೆಯನ್ನು ನೋಡಿ ವಿಂಗಡಿಸುವುದು ರೂಢಿ: ಒತ್ತಡದ ಅಲೆಯಿಂದಲೇ ಆಗುವುದು, ಹಾರಿಬಂದ ಚೂರುಗಳಿಂದ ಆಗುವುದು, ದೇಹವೇ ಎಸೆಯಲ್ಪಟ್ಟು ಎಲ್ಲಿಗಾದರೂ ಬಡಿದಾಗ ಆಗುವುದು, ಬೆಂಕಿ ಹೊಗೆಗಳಿಂದ ಆಗುವುದು. ಮಿದುಳಿನ ಮಟ್ಟಿಗೆ ತಕರಾರಿರುವುದು ಮೊದಲನೆಯದರ ಬಗ್ಗೆ. ತಲೆಗೆ ಏನೂ ಬಡಿಯದೆ, ಬರೀ ಒತ್ತಡದ ಅಲೆಯಿಂದ ಮಿದುಳಿಗೆ ಪೆಟ್ಟಾಗುವುದೇ ಎಂಬ ಪ್ರಶ್ನೆ ಮೊದಲ ಮಹಾಯುದ್ಧದಷ್ಟು ಹಳೆಯದು. 1915ರಲ್ಲಿ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಶೆಲ್ ಶಾಕ್ ಕುರಿತು, ಅಂದರೆ ಫಿರಂಗಿ ಗುಂಡುಗಳ ಸ್ಫೋಟಕ್ಕೆ ಸಿಕ್ಕ ಸೈನಿಕರಲ್ಲಿ ಕಂಡ ತೊಂದರೆಗಳ ಕುರಿತು, ಬರೆದಾಗಿನಿಂದ, ಇದು ದೇಹದ ಗಾಯವೋ ಮನಸ್ಸಿನದೋ ಎಂಬ ವಾದ ನಿಂತೇ ಇಲ್ಲ. ಇತ್ತೀಚಿನ ಸಾಕ್ಷ್ಯಗಳಲ್ಲಿ ನನಗೆ ಅತಿ ಮುಖ್ಯವೆನಿಸುವುದು 2016ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿಯಲ್ಲಿ ಡೇನಿಯಲ್ ಪರ್ಲ್ ತಂಡ ಪ್ರಕಟಿಸಿದ್ದು. ಸ್ಫೋಟಕ್ಕೆ ಒಡ್ಡಿಕೊಂಡು ನಂತರ ಬೇರೆ ಬೇರೆ ಕಾರಣಗಳಿಂದ ಮೃತಪಟ್ಟ ಕೆಲವು ಸೈನಿಕರ ಮಿದುಳುಗಳಲ್ಲಿ, ಬೂದು ಮತ್ತು ಬಿಳಿ ಭಾಗಗಳು ಸೇರುವ ಗಡಿಯಲ್ಲಿ, ರಕ್ತನಾಳಗಳ ಸುತ್ತ, ದ್ರವ ತುಂಬಿದ ಕುಹರಗಳ ಅಂಚಿನಲ್ಲಿ ವಿಶಿಷ್ಟ ಗಾಯಕಲೆಗಳನ್ನು ಅವರು ಕಂಡರು. ಸಾಂದ್ರತೆ ಬದಲಾಗುವ ಗಡಿಗಳಲ್ಲೇ ಒತ್ತಡದ ಅಲೆ ಹೆಚ್ಚು ಕೆಡುಕು ಮಾಡಬೇಕೆಂಬ ಭೌತಶಾಸ್ತ್ರದ ನಿರೀಕ್ಷೆಗೆ ಇದು ಹೊಂದುತ್ತದೆ. ಪರೀಕ್ಷಿಸಿದ ಮಿದುಳುಗಳು ಬೆರಳೆಣಿಕೆಯವು, ಮತ್ತು ಕಲೆಗಳಿದ್ದವೆಂದ ಮಾತ್ರಕ್ಕೆ ಬದುಕಿದ್ದಾಗಿನ ತೊಂದರೆಗಳಿಗೆ ಅವೇ ಕಾರಣವೆಂದು ಸಾಬೀತಾಗುವುದಿಲ್ಲ. ಆದರೂ, ಸೈನಿಕ ಹೇಳಿಕೊಳ್ಳುವುದೆಲ್ಲ ಬರೀ ಮನಸ್ಸಿನ ಭ್ರಮೆ ಎಂದು ತಳ್ಳಿಹಾಕುವವರ ಕಾಲಡಿಯ ನೆಲವನ್ನು ಈ ಅಧ್ಯಯನ ಅಲುಗಿಸಿದೆ ಎಂಬುದರಲ್ಲಿ ಸಂಶಯವಿಲ್ಲ.

ಪತ್ತೆಹಚ್ಚುವ ಕ್ರಮ

ಅಮೆರಿಕದ ಸೇನೆಯ ಮಾನದಂಡದಲ್ಲಿ ಲಘು ಎಂಬ ದರ್ಜೆ ಗಾಯವಾದ ಹೊತ್ತಿನ ಚಿಹ್ನೆಗಳನ್ನು ಅವಲಂಬಿಸಿದೆ. ಪ್ರಜ್ಞೆ ತಪ್ಪಿದ್ದರೆ ಅದು 30 ನಿಮಿಷ ಮೀರಿರಬಾರದು. ಗೊಂದಲ, ಮಂಕು ಕವಿದ ಸ್ಥಿತಿ ಅಥವಾ ನೆನಪಿನ ಖಾಲಿ ಒಂದು ದಿನದೊಳಗೆ ಮುಗಿದಿರಬೇಕು. ಸ್ಕ್ಯಾನ್‌ನಲ್ಲಿ ಎದ್ದುಕಾಣುವ ದೋಷ ಇರಬಾರದು. ಗಾಯದ ಪರಿಣಾಮ ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ಈ ದರ್ಜೆಯಲ್ಲಿ ಜಾಗವೇ ಇಲ್ಲ. ಪ್ರಜ್ಞೆ ತಪ್ಪಲೇಬೇಕೆಂದೂ ಇಲ್ಲ, ಕ್ಷಣಕಾಲ ದಿಕ್ಕುತೋಚದಂತಾದರೂ ಸಾಕು. ಆದರೆ ರಾತ್ರಿಯ ನಿದ್ದೆಗೆಟ್ಟು, ಮುಂದಿನ ಕ್ಷಿಪಣಿ ಎಲ್ಲಿ ಬೀಳುತ್ತದೋ ಎಂದು ಕಾಯುತ್ತ ಕುಳಿತವನಿಗೆ ಆದ ಗೊಂದಲ ಮಿದುಳಿನ ಪೆಟ್ಟಿನದೋ, ಭಯದ್ದೋ, ದಣಿವಿನದೋ ಎಂದು ಬೇರ್ಪಡಿಸುವುದು ಪರೀಕ್ಷಿಸುವವರಿಗೂ ಕಷ್ಟ, ಅನುಭವಿಸಿದವನಿಗೂ ಕಷ್ಟ.

ಯಾರನ್ನು ಪರೀಕ್ಷಿಸಬೇಕು ಎಂಬ ನಿಯಮ 2010ರಿಂದಲೇ ಇತ್ತು, 2012ರಲ್ಲಿ ಅದನ್ನು ಸ್ಥಾಯಿ ಆದೇಶವಾಗಿ ಮಾಡಲಾಯಿತು. ಸ್ಫೋಟದಿಂದ 50 ಮೀಟರಿನೊಳಗಿದ್ದವರು, ಸ್ಫೋಟಕ್ಕೆ ಸಿಕ್ಕ ವಾಹನದಲ್ಲಿದ್ದವರು, ತಲೆಗೆ ನೇರ ಪೆಟ್ಟು ಬಿದ್ದವರು ಮುಂತಾದವರೆಲ್ಲ, ತೊಂದರೆ ಹೇಳಿಕೊಳ್ಳಲಿ ಬಿಡಲಿ, ತಪಾಸಣೆಗೆ ಒಳಗಾಗಬೇಕು ಮತ್ತು ಕನಿಷ್ಠ 24 ಗಂಟೆ ವಿಶ್ರಾಂತಿ ಪಡೆಯಬೇಕು ಎಂಬುದು ಅದರ ತಿರುಳು. ಸೈನಿಕ ತಾನಾಗಿ ಹೇಳಿಕೊಳ್ಳುವವರೆಗೆ ಕಾಯಬಾರದು ಎಂಬ ತತ್ತ್ವ ಇದರಲ್ಲಿರುವುದರಿಂದ ಇದು ಒಳ್ಳೆಯ ನಿಯಮವೆಂದೇ ನಾನು ಭಾವಿಸುತ್ತೇನೆ. ಆದರೆ 50 ಮೀಟರಿನ ಗೆರೆ ರಸ್ತೆಬದಿಯ ಬಾಂಬುಗಳ ಕಾಲದಲ್ಲಿ ಎಳೆದದ್ದು. ಸ್ಫೋಟದ ಒತ್ತಡ ದೂರದೊಂದಿಗೆ ಹೇಗೆ ಇಳಿಯುತ್ತದೆ ಎಂಬುದರ ಸೂತ್ರದಂತೆ, ಸಿಡಿಮದ್ದು ಎಂಟು ಪಟ್ಟಾದರೆ ಅದೇ ಗರಿಷ್ಠ ಒತ್ತಡ ಎರಡು ಪಟ್ಟು ದೂರದವರೆಗೆ ತಲುಪುತ್ತದೆ, 64 ಪಟ್ಟಾದರೆ ನಾಲ್ಕು ಪಟ್ಟು ದೂರಕ್ಕೆ. ಬ್ಯಾಲಿಸ್ಟಿಕ್ ಕ್ಷಿಪಣಿಯ ಸಿಡಿತಲೆಗೂ ಮಾರ್ಟರ್ ಗುಂಡಿಗೂ ಒಂದೇ ಅಳತೆಗೋಲು ಹಿಡಿದರೆ ತಪಾಸಣೆಯ ವೃತ್ತದ ಹೊರಗೇ ಉಳಿಯುವವರು ಇದ್ದೇ ಇರುತ್ತಾರೆ.

ತಪಾಸಣೆಗೆ ಬಳಸುವ ಸಾಧನ ಮೇಸ್ ಎಂಬ ಸಂಕ್ಷಿಪ್ತ ಪರೀಕ್ಷೆ. ಅದರ ನಡಾವಳಿಯನ್ನು ತುಸು ಹತ್ತಿರದಿಂದ ನೋಡಬೇಕು. ವೈದ್ಯಕೀಯ ಸಹಾಯಕ ಮೊದಲು ಏನಾಯಿತೆಂದು ಕೇಳುತ್ತಾನೆ, ಪ್ರಜ್ಞೆ ತಪ್ಪಿತ್ತೇ, ನೆನಪಿನಲ್ಲಿ ಖಾಲಿ ಇದೆಯೇ ಎಂದು ವಿಚಾರಿಸುತ್ತಾನೆ. ಆಮೇಲೆ ದಿನ, ತಿಂಗಳು, ವರ್ಷ ಕೇಳುತ್ತಾನೆ. ಐದು ಪದಗಳನ್ನು ಓದಿ ಹೇಳಿ ಮರಳಿ ಹೇಳಿಸುತ್ತಾನೆ. ಅಂಕಿಗಳ ಸಾಲೊಂದನ್ನು ಹೇಳಿ ಅದನ್ನು ಹಿಂದುಮುಂದಾಗಿ ಒಪ್ಪಿಸಲು ಹೇಳುತ್ತಾನೆ, ವರ್ಷದ ತಿಂಗಳುಗಳನ್ನು ಕೊನೆಯದರಿಂದ ಮೊದಲಿಗೆ ಹೇಳಿಸುತ್ತಾನೆ. ಕೆಲವು ನಿಮಿಷ ಬಿಟ್ಟು, ಮೊದಲು ಹೇಳಿದ ಐದು ಪದಗಳಲ್ಲಿ ಎಷ್ಟು ನೆನಪಿವೆ ಎಂದು ನೋಡುತ್ತಾನೆ. ಅರಿವಿನ ಭಾಗಕ್ಕೆ ಒಟ್ಟು 30 ಅಂಕ. 25 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಸಹಜವೆಂದು ಎಣಿಕೆ. ಪರಿಷ್ಕೃತ ಆವೃತ್ತಿಯಲ್ಲಿ ಕಣ್ಣಿನ ಚಲನೆ ಮತ್ತು ಸಮತೋಲನದ ಪರೀಕ್ಷೆಗಳೂ ಸೇರಿವೆ. ಯುದ್ಧಭೂಮಿಯಲ್ಲಿ, ಉಪಕರಣವಿಲ್ಲದೆ, ಕಾಗದ ಪೆನ್ನಿನಿಂದ ಇಷ್ಟನ್ನು ಸಾಧಿಸಿರುವುದು ದೊಡ್ಡ ವಿಷಯವೇ. ಆದರೆ ಇದರ ಅರಿವಿನ ಅಂಕ ಮೊದಲ ಗಂಟೆಗಳಲ್ಲಿ ಮಾತ್ರ ಚುರುಕು. ಗಾಯವಾಗಿ 12 ಗಂಟೆ ದಾಟಿದ ಮೇಲೆ ಗಾಯಗೊಂಡವರನ್ನೂ ಗಾಯಗೊಳ್ಳದವರನ್ನೂ ಅದು ಸರಿಯಾಗಿ ಬೇರ್ಪಡಿಸುವುದಿಲ್ಲವೆಂದು 2010ರಲ್ಲಿ ಇರಾಕಿನಲ್ಲಿದ್ದ ಸೈನಿಕರ ಮೇಲಿನ ಅಧ್ಯಯನವೇ ತೋರಿಸಿತ್ತು. ದಾಳಿ ಮುಗಿದ ಮರುಕ್ಷಣದಿಂದ ಬೆಂಕಿ ಆರಿಸುವ, ಅವಶೇಷ ತೆರವು ಮಾಡುವ, ಕಾವಲು ನಿಲ್ಲುವ ಕೆಲಸಕ್ಕಿಳಿದ ಸೈನಿಕ ತಲೆನೋವೆಂದು ಬಂದು ಕೂರುವ ಹೊತ್ತಿಗೆ ಆ ಗಂಟೆಗಳು ಕಳೆದಿರುವುದು ಸಹಜ.

ಆಡಳಿತದ ದಾಖಲೆಯ ನಿಯಮ ಇನ್ನೂ ಒರಟು. ದಾಳಿಯ ದಿನ ಗಾಯಗಳ ಸುದ್ದಿ ರಕ್ಷಣಾ ಕಾರ್ಯದರ್ಶಿಯವರೆಗೆ ಏಕೆ ತಲುಪಲಿಲ್ಲ ಎಂದು ಪತ್ರಕರ್ತರು ಕೇಳಿದಾಗ, ಜೀವ, ಅಂಗ ಅಥವಾ ದೃಷ್ಟಿ ಹೋದ ಪ್ರಕರಣಗಳನ್ನು ಮಾತ್ರ ತಕ್ಷಣ ಮೇಲಕ್ಕೆ ವರದಿ ಮಾಡಬೇಕೆಂಬ ಕ್ರಮವಿದೆ ಎಂದು ಪೆಂಟಗನ್ ವಿವರಿಸಿತು. ಈ ಕ್ರಮದೊಳಗೆ ಕಂಕಷನ್‌ಗೆ ಸ್ಥಾನವೇ ಇರಲಿಲ್ಲ. ಜನವರಿ 22ರಂದು ದಾವೋಸ್‌ನಲ್ಲಿ ಅಧ್ಯಕ್ಷರು, ಕೆಲವರಿಗೆ ತಲೆನೋವು ಮತ್ತಿತರ ಒಂದೆರಡು ತೊಂದರೆಗಳಿವೆಯೆಂದು ಕೇಳಿದ್ದೇನೆ, ಅದು ಅಷ್ಟೇನೂ ಗಂಭೀರವಲ್ಲ ಎಂಬರ್ಥದ ಮಾತನ್ನಾಡಿದರು. ಮಾಜಿ ಯೋಧರ ಸಂಘಟನೆಯೊಂದು ಕ್ಷಮೆ ಕೋರುವಂತೆ ಬಹಿರಂಗವಾಗಿ ಒತ್ತಾಯಿಸಿತು. ಆ ಮಾತಿನಿಂದಾದ ನೋವು ದೊಡ್ಡದು. ಆದರೂ ಸೇನೆಯ ಸ್ವಂತ ವರದಿಕ್ರಮವೇ ಅದೇ ತೀರ್ಮಾನವನ್ನು ಎರಡು ವಾರ ಮೊದಲು ಮಾಡಿಯಾಗಿತ್ತು ಎಂಬುದನ್ನು ಮರೆಯಬಾರದು.

ಅರಿವಿನಲ್ಲಿ ಏನು ಕೆಡುತ್ತದೆ

ಇಂಥ ಗಾಯದ ನಂತರ ಹೆಚ್ಚಾಗಿ ಬಾಧಿತವಾಗುವುದು ಗಮನ, ಮಾಹಿತಿಯನ್ನು ಗ್ರಹಿಸಿ ಸ್ಪಂದಿಸುವ ವೇಗ, ಕೆಲವು ಸೆಕೆಂಡುಗಳ ಕಾಲ ವಿಷಯವನ್ನು ತಲೆಯಲ್ಲಿಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವ ಸಾಮರ್ಥ್ಯ, ಹೊಸದಾಗಿ ಕೇಳಿದ್ದನ್ನು ನೆನಪಿಟ್ಟು ಬೇಕಾದಾಗ ಹೊರತೆಗೆಯುವ ಶಕ್ತಿ, ಮತ್ತು ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವ ಚುರುಕು. ಹಳೆಯ ನೆನಪುಗಳು, ಭಾಷೆ, ಕಲಿತ ಕೌಶಲಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಹೀಗಾಗಿ ಗಾಯಗೊಂಡವನು ನೋಡುವವರಿಗೆ ಮೊದಲಿನಂತೆಯೇ ಕಾಣುತ್ತಾನೆ, ಮೊದಲಿನಂತೆಯೇ ಮಾತನಾಡುತ್ತಾನೆ.

ವ್ಯತ್ಯಾಸ ಗೊತ್ತಾಗುವುದು ಕೆಲಸದಲ್ಲಿ. ಆ ರಾತ್ರಿ ಅಲ್ ಅಸದ್‌ನಲ್ಲಿ ಡ್ರೋನ್‌ಗಳನ್ನು ನಿಯಂತ್ರಿಸುತ್ತಿದ್ದವರ ಉದಾಹರಣೆ ತೆಗೆದುಕೊಳ್ಳಬಹುದು. ದಾಳಿಯ ವೇಳೆ ಡ್ರೋನ್‌ಗಳು ಆಕಾಶದಲ್ಲಿದ್ದವು, ಅವುಗಳೊಂದಿಗೆ ಸಂಪರ್ಕ ಕೊಡುವ ನೆಲೆಯಲ್ಲಿನ ಕೇಬಲ್‌ಗಳು ಸುಟ್ಟುಹೋಗಿ ನಿಯಂತ್ರಣ ತಪ್ಪಿತ್ತು ಎಂದು ನಂತರ ವರದಿಯಾಯಿತು. ಇಂಥ ಹುದ್ದೆಯಲ್ಲಿರುವವನು ಪರದೆಯ ಮೇಲಿನ ಚಿತ್ರ ನೋಡುತ್ತ, ಕಿವಿಯಲ್ಲಿ ಏಕಕಾಲಕ್ಕೆ ಬರುವ ಒಂದಕ್ಕಿಂತ ಹೆಚ್ಚು ದನಿಗಳನ್ನು ಕೇಳುತ್ತ, ಈಗಷ್ಟೇ ಹೇಳಿದ ನಿರ್ದೇಶಾಂಕಗಳನ್ನು ನೆನಪಿಟ್ಟು, ಕೈಯಿಂದ ನಿಯಂತ್ರಣ ಮಾಡುತ್ತಿರಬೇಕು. ಮೇಸ್ ಪರೀಕ್ಷೆಯಾದರೋ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳುತ್ತದೆ, ಉತ್ತರಕ್ಕೆ ಕಾಯುತ್ತದೆ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ತಿಂಗಳುಗಳನ್ನು ಹಿಂದಿನಿಂದ ತಪ್ಪಿಲ್ಲದೆ ಹೇಳಬಲ್ಲ ಸೈನಿಕ, ನಾಲ್ಕು ಗಂಟೆ ಕಾವಲಿನ ಮೂರನೆಯ ಗಂಟೆಯಲ್ಲಿ ರೇಡಿಯೋದಲ್ಲಿ ಬಂದ ಸೂಚನೆಯ ಕೊನೆಯ ಅರ್ಧವನ್ನು ಕಳೆದುಕೊಳ್ಳಬಹುದು. ಮೊದಲು ಸಲೀಸಾಗಿ ಆಗುತ್ತಿದ್ದುದನ್ನು ಈಗ ಹೆಚ್ಚು ಪ್ರಯಾಸಪಟ್ಟು ಮಾಡಿ ಅದೇ ಅಂಕ ಗಳಿಸಬಹುದು, ಮತ್ತು ಆ ಪ್ರಯಾಸದ ಬೆಲೆ ಸಂಜೆಯ ತಲೆನೋವಾಗಿ, ಸಿಡುಕಾಗಿ, ಸುಸ್ತಾಗಿ ತೆರಬಹುದು. ಅಂಕಪಟ್ಟಿ ಆ ಬೆಲೆಯನ್ನು ದಾಖಲಿಸುವುದಿಲ್ಲ.

ಹೋಲಿಕೆಗೆ ಒಂದು ಆಧಾರ ಇರಬೇಕಾಗಿತ್ತು. ನಿಯೋಜನೆಗೆ ಕಳುಹಿಸುವ ಮುನ್ನ ಪ್ರತಿ ಸೈನಿಕನಿಗೂ ಅನಾಮ್ ಎಂಬ ಕಂಪ್ಯೂಟರ್ ಪರೀಕ್ಷೆಯಲ್ಲಿ ಪ್ರತಿಕ್ರಿಯೆಯ ವೇಗ ಮುಂತಾದವನ್ನು ಅಳೆದಿಡುವ ಪದ್ಧತಿ ಅಮೆರಿಕದ ಸೇನೆಯಲ್ಲಿ 2008ರ ಹೊತ್ತಿನಿಂದಲೂ ಇದೆ. ಲಘು ಗಾಯದಲ್ಲಿ ಒಬ್ಬನನ್ನು ಇತರರ ಸರಾಸರಿಗೆ ಹೋಲಿಸುವುದಕ್ಕಿಂತ ಅವನ ಹಿಂದಿನ ಸ್ಥಿತಿಗೇ ಹೋಲಿಸುವುದು ಹೆಚ್ಚು ನ್ಯಾಯವಾದದ್ದು. ಮೊದಲಿನಿಂದ ಬಲು ಚುರುಕಾಗಿದ್ದವನು ಕುಸಿದು ಸರಾಸರಿಗೆ ಬಂದು ನಿಂತರೆ ಅವನ ಫಲಿತಾಂಶದ ಪಕ್ಕದಲ್ಲಿ ಸಹಜ ಎಂದೇ ಬರೆಯಲಾಗುತ್ತದೆ.

ಎಲ್ಲ ತೊಂದರೆಯನ್ನೂ ಒತ್ತಡದ ಅಲೆಯ ತಲೆಗೆ ಕಟ್ಟುವುದೂ ಸರಿಯಲ್ಲ. 2008ರಲ್ಲಿ ಚಾರ್ಲ್ಸ್ ಹೋಗ್ ಮತ್ತು ಸಂಗಡಿಗರು ಇರಾಕಿನಿಂದ ಮರಳಿದ 2,525 ಸೈನಿಕರನ್ನು ಸಮೀಕ್ಷಿಸಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದ ಪ್ರಬಂಧ ಈ ಚರ್ಚೆಯ ದಿಕ್ಕನ್ನೇ ಬದಲಿಸಿತು. ಪ್ರಜ್ಞೆ ತಪ್ಪುವಂಥ ಗಾಯವಾಗಿದ್ದವರಲ್ಲಿ ಶೇ 43.9ರಷ್ಟು ಮಂದಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯ, ಅಂದರೆ ಪಿಟಿಎಸ್‌ಡಿಯ, ಲಕ್ಷಣಗಳಿದ್ದವು. ಪಿಟಿಎಸ್‌ಡಿ ಮತ್ತು ಖಿನ್ನತೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ತಲೆನೋವೊಂದನ್ನು ಬಿಟ್ಟರೆ ಉಳಿದ ದೈಹಿಕ ತೊಂದರೆಗಳಿಗೂ ಕಂಕಷನ್‌ಗೂ ಇದ್ದ ನಂಟು ಬಹುಮಟ್ಟಿಗೆ ಕಳಚಿಹೋಯಿತು. ಪಿಟಿಎಸ್‌ಡಿ ತಾನೇ ಗಮನವನ್ನೂ ನೆನಪನ್ನೂ ಕೆಡಿಸುತ್ತದೆ, ನಿದ್ರಾಹೀನತೆಯೂ ಕೆಡಿಸುತ್ತದೆ, ಕಿವಿಯೊಳಗಿನ ನಿಲ್ಲದ ಮೊರೆತವೂ ಕೆಡಿಸುತ್ತದೆ. ಅಲ್ ಅಸದ್‌ನಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಅಲೆಅಲೆಯಾಗಿ ಬಂದ ಕ್ಷಿಪಣಿಗಳ ಕೆಳಗೆ ಸಾವನ್ನು ಎದುರುನೋಡುತ್ತ ಕುಳಿತವರಲ್ಲಿ ಇವೆಲ್ಲ ಒಟ್ಟಿಗೇ ಇದ್ದಿರಬಹುದು. ಇನ್ನೊಂದು ಕಡೆ, 2011ರಲ್ಲಿ ಕ್ರಿಸ್ಟೀನ್ ಮ್ಯಾಕ್ ಡೊನಾಲ್ಡ್ ತಂಡ ಲ್ಯಾಂಡ್‌ಸ್ಟೂಲ್‌ಗೆ ಬಂದ, ಲಘು ಗಾಯಗೊಂಡ 63 ಸೈನಿಕರನ್ನು ವಿಶೇಷ ಎಂಆರ್‌ಐ ವಿಧಾನದಿಂದ ಪರೀಕ್ಷಿಸಿ, ಸಾಮಾನ್ಯ ಸ್ಕ್ಯಾನ್‌ಗೆ ಕಾಣದ ನರತಂತುಗಳ ಹಾನಿಯ ಗುರುತುಗಳನ್ನು ಅವರಲ್ಲಿ ಕೆಲವರಲ್ಲಿ ಕಂಡಿತು, ಎಲ್ಲರಲ್ಲೂ ಅಲ್ಲ. ಗಾಯವೋ ಪಿಟಿಎಸ್‌ಡಿಯೋ ಎಂದು ಒಂದನ್ನೇ ಆರಿಸುವ ಹಟದಿಂದ ರೋಗಿಗೆ ಉಪಕಾರವಾಗುವುದಿಲ್ಲ ಎಂಬುದು ನನ್ನ ನಿಲುವು. ಎರಡೂ ಇದ್ದಾಗ ಎರಡನ್ನೂ ಚಿಕಿತ್ಸಿಸಬೇಕು, ಯಾವುದೇ ಒಂದನ್ನು ಇನ್ನೊಂದನ್ನು ಅಲ್ಲಗಳೆಯಲು ಬಳಸಬಾರದು.

ಮರಳಿ ಕರ್ತವ್ಯಕ್ಕೆ

ಫೆಬ್ರುವರಿ 10ರ ಪ್ರಕಟಣೆಯಂತೆ 109 ಮಂದಿಯಲ್ಲಿ 76 ಮಂದಿ ಅಷ್ಟರಲ್ಲೇ ಕರ್ತವ್ಯಕ್ಕೆ ಮರಳಿದ್ದರು. ಇದು ಅನುಮಾನದಿಂದ ನೋಡಬೇಕಾದ ಸಂಖ್ಯೆಯಲ್ಲ. ಕಂಕಷನ್ ಆದವರಲ್ಲಿ ಹೆಚ್ಚಿನವರು ವಿಶ್ರಾಂತಿ, ನಿದ್ದೆ, ತಲೆನೋವಿನ ಚಿಕಿತ್ಸೆ, ಹಂತಹಂತವಾಗಿ ಚಟುವಟಿಕೆಗೆ ಮರಳುವ ಕ್ರಮ ಇವುಗಳಿಂದ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಮತ್ತು ಹಾಗೆ ಚೇತರಿಸಿಕೊಳ್ಳುವಿರಿ ಎಂದು ಆರಂಭದಲ್ಲೇ ತಿಳಿಹೇಳುವುದೂ ಚಿಕಿತ್ಸೆಯ ಭಾಗ. ಚಿಂತೆಯಿರುವುದು ಉಳಿದವರ ಬಗ್ಗೆ, ಮತ್ತು ಮರಳಿದವರಲ್ಲಿ ನಂತರ ಕುಸಿಯುವವರ ಬಗ್ಗೆ. ಮ್ಯಾಕ್ ಡೊನಾಲ್ಡ್ ತಂಡವೇ 2017ರಲ್ಲಿ ಪ್ರಕಟಿಸಿದ ಐದು ವರ್ಷಗಳ ಅನುಸರಣೆಯಲ್ಲಿ, ಸ್ಫೋಟದ ಕಂಕಷನ್ ಆಗಿದ್ದ 50 ಮಂದಿಯಲ್ಲಿ 36 ಮಂದಿಯ ಒಟ್ಟಾರೆ ಸ್ಥಿತಿ ಮೊದಲ ವರ್ಷಕ್ಕಿಂತ ಐದನೆಯ ವರ್ಷದಲ್ಲಿ ಹದಗೆಟ್ಟಿತ್ತು. ಅದು ಸಣ್ಣ ಗುಂಪು, ಆಸ್ಪತ್ರೆಗೆ ಸಾಗಿಸುವಷ್ಟು ತೊಂದರೆಯಿದ್ದವರದು; ಅದರ ಶೇಕಡಾವಾರನ್ನು ಅಲ್ ಅಸದ್‌ಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಒಂದು ತಿಂಗಳ ನಂತರದ ಸ್ಥಿತಿಯನ್ನು ನೋಡಿ ಕಡತ ಮುಚ್ಚಬಾರದು ಎನ್ನಲು ಅಷ್ಟು ಸಾಕು.

ಅರಿವಿನ ಪುನಶ್ಚೇತನ ಚಿಕಿತ್ಸೆಯ ಬಗ್ಗೆ ಸ್ಯಾನ್ ಆಂಟೋನಿಯೋದ ಸೇನಾ ವೈದ್ಯಕೀಯ ಕೇಂದ್ರದಲ್ಲಿ 126 ಸೈನಿಕರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಇಲ್ಲಿ ಬಹಳ ಉಪಯುಕ್ತ. ಚಿಕಿತ್ಸಕರ ಮಾರ್ಗದರ್ಶನದಲ್ಲಿ ತರಬೇತಿ ಪಡೆದವರು ದೈನಂದಿನ ಬದುಕಿನ ಅರಿವಿನ ತೊಂದರೆಗಳು ಕಡಿಮೆಯಾದವೆಂದು ಹೇಳಿದರು. ಪ್ರಯೋಗಾಲಯದ ಗಮನ ಪರೀಕ್ಷೆಯಲ್ಲಿ ಮಾತ್ರ ಗುಂಪುಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಗಾಯವನ್ನು ಅಳೆಯುವಾಗ ಕಂಡ ಅಂತರವೇ, ಪರೀಕ್ಷಾ ಕೋಣೆಗೂ ನಿಜವಾದ ಕೆಲಸಕ್ಕೂ ನಡುವಿನ ಅಂತರ, ಗುಣವಾಗುವುದನ್ನು ಅಳೆಯುವಾಗಲೂ ಕಾಣಿಸಿಕೊಳ್ಳುತ್ತದೆ.

ಮಾನ್ಯತೆಯ ವಿಷಯದಲ್ಲೂ ಇದೇ ಕಥೆ ನಡೆಯಿತು. ಶತ್ರುವಿನ ದಾಳಿಯಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕಕ್ಕೆ ಕಂಕಷನ್ ಅರ್ಹವೇ ಎಂಬುದನ್ನು 2011ರಲ್ಲೇ ಸ್ಪಷ್ಟಪಡಿಸಲಾಗಿತ್ತು: ಪ್ರಜ್ಞೆ ತಪ್ಪಿರಬೇಕು, ಇಲ್ಲವೇ ವೈದ್ಯಾಧಿಕಾರಿ 48 ಗಂಟೆಗಿಂತ ಹೆಚ್ಚು ಕಾಲ ಪೂರ್ಣ ಕರ್ತವ್ಯಕ್ಕೆ ಅನರ್ಹನೆಂದು ಬರೆದಿರಬೇಕು. ಗಾಯದ ಅರ್ಹತೆ ಹೀಗೆ ಆ ಮೊದಲ ದಿನಗಳ ಕಾಗದವನ್ನೇ ನೆಚ್ಚಿಕೊಂಡಿತು. 2020ರ ಮೇ ತಿಂಗಳಲ್ಲಿ 29 ಮಂದಿಗೆ ಪದಕ ಮಂಜೂರಾಯಿತು. ಕೆಲವು ಗಾಯಾಳುಗಳ ಅರ್ಜಿಗಳು ಮುಂದಕ್ಕೆ ಹೋಗದೆ ಉಳಿದಿದ್ದುದನ್ನು, ಅವರಲ್ಲಿ ತಲೆನೋವು, ದೃಷ್ಟಿ ಮತ್ತು ನೆನಪಿನ ತೊಂದರೆಗಳು ಮುಂದುವರಿದಿದ್ದುದನ್ನು ಸಿಬಿಎಸ್ ಸುದ್ದಿವಾಹಿನಿ 2021ರಲ್ಲಿ ಬಯಲಿಗೆ ತಂದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೂ 39 ಮಂದಿಗೆ ಮಂಜೂರಾಯಿತು. ಪದಕ ಗೌರವದ ಮಾತಷ್ಟೇ ಅಲ್ಲ, ಗಾಯ ಯುದ್ಧದಲ್ಲಿ ಆದದ್ದೆಂಬ ಅಧಿಕೃತ ದಾಖಲೆಯೂ ಹೌದು. ಎಷ್ಟೋ ವರ್ಷಗಳ ನಂತರ ನೆನಪು ಕೈಕೊಡುತ್ತಿದೆ ಎಂದು ವೈದ್ಯರ ಮುಂದೆ ಕುಳಿತವನಿಗೆ ಆ ದಾಖಲೆ ಇರುವುದಕ್ಕೂ ಇಲ್ಲದಿರುವುದಕ್ಕೂ ತುಂಬ ವ್ಯತ್ಯಾಸವಿದೆ.

2024ರ ಆಗಸ್ಟಿನಲ್ಲಿ ರಕ್ಷಣಾ ಇಲಾಖೆ ಸ್ಫೋಟದ ಒತ್ತಡ ಮತ್ತು ಮಿದುಳಿನ ಆರೋಗ್ಯದ ಬಗ್ಗೆ ಹೊಸ ಆದೇಶ ಹೊರಡಿಸಿತು. ಸೇನೆಗೆ ಸೇರುವಾಗಲೇ ಅರಿವಿನ ಮೂಲಸ್ಥಿತಿಯನ್ನು ಅಳೆದಿಡಬೇಕು, ಮತ್ತು 4 ಪಿಎಸ್‌ಐ (ಚದರ ಇಂಚಿಗೆ 4 ಪೌಂಡ್) ಒತ್ತಡವನ್ನು ಮೀರುವ ಶಸ್ತ್ರಗಳ ಬಳಕೆಯಲ್ಲಿ ಅಪಾಯವನ್ನು ನಿರ್ವಹಿಸುವ ಕ್ರಮಗಳನ್ನು ಕೈಗೊಳ್ಳಬೇಕು ಎಂದು ಅದು ಹೇಳುತ್ತದೆ. ಮೊದಲನೆಯದು ಅಲ್ ಅಸದ್‌ನಂಥ ಘಟನೆಗೂ ನೇರವಾಗಿ ನೆರವಾಗುತ್ತದೆ. ಎರಡನೆಯದು ನೆರವಾಗುವುದು ಕಡಿಮೆ, ಏಕೆಂದರೆ ತನ್ನದೇ ಫಿರಂಗಿಯ ಒತ್ತಡವನ್ನು ಸೇನೆ ಮೊದಲೇ ಅಳೆದಿಡಬಹುದು, ಶತ್ರುವಿನ ಕ್ಷಿಪಣಿಯದನ್ನು ಅಳೆದಿಡಲಾಗದು. ಅಂಥ ರಾತ್ರಿಯ ಮರುದಿನ ಬೇಕಾಗುವುದು ಸರಳ ದಾಖಲೆ: ಪ್ರತಿಯೊಬ್ಬರೂ ಯಾವ ಆಶ್ರಯದಲ್ಲಿದ್ದರು, ಅದರ ಬಾಯಿ ಯಾವ ಕಡೆಗಿತ್ತು, ಅತಿ ಹತ್ತಿರದ ಸ್ಫೋಟ ಎಷ್ಟು ದೂರದಲ್ಲಿತ್ತು, ಎಷ್ಟು ಸ್ಫೋಟಗಳಾದವು, ಆ ಹೊತ್ತಿನಲ್ಲಿ ಅವರಿಗೆ ಏನಾಯಿತು. ತಲೆನೋವಿದೆಯೆಂದವರ ಬಗ್ಗೆ ಮಾತ್ರವಲ್ಲ, ತಮಗೇನೂ ಆಗಿಲ್ಲವೆಂದವರ ಬಗ್ಗೆಯೂ ಇದನ್ನು ಬರೆದಿಡಬೇಕು, ಮತ್ತು ಅದು ಅವರ ವೈದ್ಯಕೀಯ ಕಡತದೊಳಗೇ ಸೇರಬೇಕು.